‘ಸೆವೆನ್ ಸಮುರಾಯ್’ ತರಿಸೋ ಮುಂಚೆ: ಒಂದು ಡಿಸ್ಕಿನ ಚರಿತ್ರೆ

1/7

ನಿಮಗೆ ಒಂದು ಸಿನಿಮಾ ತುಂಬಾ ಇಷ್ಟ ಅಂದ್ಕೊಳ್ಳಿ. ಮೊಬೈಲ್‌ನಲ್ಲಿ ನೋಡಿದ್ದೀರಿ, ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದೀರಿ. ಈಗ ಅದು ಸ್ವಂತಕ್ಕೆ ಬೇಕು. ಒಳ್ಳೆ ಪ್ರಿಂಟ್, ಒಳ್ಳೆ ಸಬ್‌ಟೈಟಲ್, ಕಪಾಟಿನಲ್ಲಿ ಇಟ್ಕೊಳ್ಳೋಕೆ ಒಂದು ಡಿಸ್ಕ್. ಇಲ್ಲಿ ಸಿಗಲ್ಲ, ಹೊರದೇಶದಿಂದ ತರಿಸಬೇಕು.

ಉದಾಹರಣೆಗೆ ಅಕಿರ ಕುರೋಸಾವಾ ಅವರ ‘ಸೆವೆನ್ ಸಮುರಾಯ್’ ತಗೊಳ್ಳೋಣ. ಇದರ ಬ್ಲೂ-ರೇ ಡಿಸ್ಕನ್ನು ಜಪಾನ್‌ನಲ್ಲಿ ತೋಹೋ ಕಂಪನಿ, ಅಮೆರಿಕದಲ್ಲಿ ಕ್ರೈಟೀರಿಯನ್, ಬ್ರಿಟನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತಂದಿವೆ. ಮೂರರಲ್ಲೂ ಅದೇ ಸಿನಿಮಾ. ಮೂರೂ 12 ಸೆಂಟಿಮೀಟರ್ ಅಗಲದ ತಟ್ಟೆಗಳೇ. ಆದರೆ ಇಲ್ಲಿ ಕೊಂಡ ಮಾಮೂಲಿ ಪ್ಲೇಯರ್‌ಗೆ ಹಾಕಿದರೆ ಇವು ಓಡದೇ ಇರಬಹುದು. ಡಿಸ್ಕ್ ಹಾಳಾಗಿದೆ ಅಂತಲ್ಲ. ಇಲ್ಲಿ ಓಡಬಾರದು ಅಂತಲೇ ಹಾಗೆ ಮಾಡಿರ್ತಾರೆ.

ಯಾರು ಹಾಗೆ ಮಾಡಿದ್ರು? ಯಾಕೆ? ಅಷ್ಟೆಲ್ಲ ಇದ್ದೂ ಅಂಥ ಡಿಸ್ಕ್ ಕೊಳ್ಳೋದ್ರಲ್ಲಿ ಅರ್ಥ ಇದೆಯಾ? ಈ ಸರಣಿ ಪೂರ್ತಿ ಇದರ ಬಗ್ಗೆನೇ. ನಮ್ಮ ಬಿಕಾಂನವರಿಗೆ ಇದರಲ್ಲಿ ಎಕನಾಮಿಕ್ಸ್ ಇದೆ, ಬಿಸಿನೆಸ್ ಲಾ ಇದೆ, ಟ್ಯಾಕ್ಸೂ ಇದೆ. ಪರೀಕ್ಷೆಗೆ ಬರಲ್ಲ, ಆದ್ರೂ ಓದಿ.

2/7

ಮೊದಲು ಸಿನಿಮಾ ವಿಷಯ. 16ನೇ ಶತಮಾನದ ಜಪಾನ್. ಬೆಳೆ ಕೈಗೆ ಬರೋ ಹೊತ್ತಿಗೆ ಡಕಾಯಿತರು ಬಂದು ದೋಚ್ಕೊಂಡು ಹೋಗ್ತಾರೆ. ಬಡ ರೈತರು ಕಾವಲಿಗೆ ಸಮುರಾಯ್‌ಗಳನ್ನ ಹುಡುಕಿಕೊಂಡು ಹೊರಡ್ತಾರೆ. ಕೂಲಿ ಅಂದ್ರೆ ಹೊಟ್ಟೆ ತುಂಬಾ ಅನ್ನ, ಅಷ್ಟೇ. ಕೊನೆಗೆ ಏಳು ಜನ ಒಪ್ಪಿಕೊಳ್ತಾರೆ.

1954ರ ಏಪ್ರಿಲ್‌ನಲ್ಲಿ ಇದು ಜಪಾನ್‌ನಲ್ಲಿ ಬಿಡುಗಡೆ ಆಯ್ತು. ಉದ್ದ 207 ನಿಮಿಷ, ಅಂದ್ರೆ ಸುಮಾರು ಮೂರೂವರೆ ಗಂಟೆ. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಸಿಲ್ವರ್ ಲಯನ್ ಬಂತು. ಆದರೆ ಹೊರದೇಶಕ್ಕೆ ಕಳಿಸುವಾಗ ಕತ್ತರಿ ಬಿತ್ತು. 1956ರಲ್ಲಿ ಅಮೆರಿಕದ ಥಿಯೇಟರ್‌ಗಳಿಗೆ ಹೋದ ಪ್ರತಿ ಸುಮಾರು 50 ನಿಮಿಷ ಕಮ್ಮಿ ಇತ್ತು. ಅಲ್ಲಿ ಅದಕ್ಕೆ ಇಟ್ಟಿದ್ದ ಹೆಸರು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’. ಅದೇ ಹೆಸರಲ್ಲಿ 1960ರಲ್ಲಿ ಹಾಲಿವುಡ್‌ನವರು ಈ ಕಥೆಯನ್ನ ಕೌಬಾಯ್ ಸಿನಿಮಾ ಮಾಡಿದ್ರು. ಅದರ ಗಾಳಿ ನಮ್ಮ ಕಡೆಗೂ ಬೀಸಿತು. ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ ಹಳ್ಳಿ ಕಾಯೋಕೆ ಹೊರಗಿನವರನ್ನ ಕರೆಸೋದಿದೆಯಲ್ಲ, ಅದರ ಬೇರು ಇಲ್ಲಿದೆ.

ಕತ್ತರಿ ಬಿದ್ದರೂ ‘ಸೆವೆನ್ ಸಮುರಾಯ್’ ಅದೃಷ್ಟ ಚೆನ್ನಾಗಿತ್ತು, ಪೂರ್ತಿ ಪ್ರತಿ ಜಪಾನ್‌ನಲ್ಲಿ ಉಳೀತು. ಅದೇ ನಿರ್ದೇಶಕರ 1951ರ ‘ದಿ ಈಡಿಯಟ್’ಗೆ ಆ ಅದೃಷ್ಟ ಇರಲಿಲ್ಲ. ಅವರು ಕಟ್ಟಿದ್ದು 265 ನಿಮಿಷದ ಸಿನಿಮಾ. ಸ್ಟುಡಿಯೋದವರು ಪಟ್ಟು ಹಿಡಿದು 166ಕ್ಕೆ ಇಳಿಸಿದ್ರು. ಕತ್ತರಿಸಿದ 99 ನಿಮಿಷ ಇವತ್ತಿಗೂ ಸಿಕ್ಕಿಲ್ಲ.

ಈ ಎರಡು ಸಿನಿಮಾಗಳ ವ್ಯತ್ಯಾಸ ನೆನಪಿಟ್ಕೊಳ್ಳಿ, ಏಳನೇ ಭಾಗದಲ್ಲಿ ಬೇಕಾಗುತ್ತೆ.

3/7

ಸಿನಿಮಾನ ಮನೆಗೆ ಕೊಂಡು ತರೋದು ಅನ್ನೋದೇ ಹೊಸ ವಿಷಯ. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಲೇಸರ್‌ಡಿಸ್ಕ್ ಮಾರಾಟಕ್ಕೆ ಬಂತು. 30 ಸೆಂಟಿಮೀಟರ್ ಅಗಲ, ನಮ್ಮ ಮನೆ ಊಟದ ತಟ್ಟೆಯಷ್ಟು. 1984ರಲ್ಲಿ ಕ್ರೈಟೀರಿಯನ್ ಕಂಪನಿ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಲೇಸರ್‌ಡಿಸ್ಕ್‌ಗಳಿಂದ ಶುರು ಮಾಡ್ತು. ‘ಕಿಂಗ್ ಕಾಂಗ್’ ಡಿಸ್ಕ್‌ನಲ್ಲಿ ಇನ್ನೊಂದು ಧ್ವನಿ ಟ್ರ್ಯಾಕ್ ಹಾಕಿ, ಸಿನಿಮಾ ಓಡ್ತಿರುವಾಗಲೇ ರೊನಾಲ್ಡ್ ಹೇವರ್ ಅನ್ನೋ ಚಿತ್ರ ಇತಿಹಾಸಕಾರರಿಂದ ಅದರ ಬಗ್ಗೆ ಮಾತಾಡಿಸಿದ್ರು. ಇವತ್ತು ನಾವು ‘ಕಾಮೆಂಟರಿ’ ಅನ್ನೋದು ಹುಟ್ಟಿದ್ದು ಹಾಗೆ.

1996ರ ನವೆಂಬರ್‌ನಲ್ಲಿ ಜಪಾನ್‌ನಲ್ಲಿ ಡಿವಿಡಿ ಬಂತು, ಮುಂದಿನ ವರ್ಷ ಅಮೆರಿಕಕ್ಕೆ. ಒಂದು ಪದರದಲ್ಲಿ 4.7 ಜಿಬಿ. 1998ರಲ್ಲಿ ಕ್ರೈಟೀರಿಯನ್ ಡಿವಿಡಿ ಮಾಡೋಕೆ ಹೊರಟಾಗ ‘ಸೆವೆನ್ ಸಮುರಾಯ್’ಗೆ ಕೊಟ್ಟ ನಂಬರ್ 2. ಯಾರದೋ ಕತ್ತರಿಯಲ್ಲಿ ಕಳೆದಿದ್ದ 50 ನಿಮಿಷ ಹೀಗೆ ಜನಸಾಮಾನ್ಯರ ಕಪಾಟಿಗೆ ಬಂದು ಕೂತಿತು.

ಇಲ್ಲೊಂದು ತಮಾಷೆ ಇದೆ. ಯುರೋಪಿನ ಟಿವಿಗಳ ಪದ್ಧತಿ ಪಾಲ್, ಅದರಲ್ಲಿ ಸೆಕೆಂಡಿಗೆ 25 ಫ್ರೇಮ್. ಸಿನಿಮಾ ರೀಲು ಓಡೋದು 24 ಫ್ರೇಮ್‌ಗೆ. ಹಾಗಾಗಿ ಪಾಲ್ ಡಿವಿಡಿಯಲ್ಲಿ ಸಿನಿಮಾ ಸಾಮಾನ್ಯವಾಗಿ ಸ್ವಲ್ಪ ಜೋರಾಗಿ ಓಡುತ್ತೆ. ಲೆಕ್ಕ ಹಾಕಿ: 207 ನಿಮಿಷದ್ದು ಸುಮಾರು 199 ನಿಮಿಷಕ್ಕೆ ಮುಗಿಯುತ್ತೆ. ಒಂದು ಫ್ರೇಮೂ ಕತ್ತರಿಸಿಲ್ಲ, ಆದರೂ ಎಂಟು ನಿಮಿಷ ಮಾಯ! ಬ್ಲೂ-ರೇ 24 ಫ್ರೇಮ್‌ನಲ್ಲೇ ಓಡಬಲ್ಲದು, ಅದಕ್ಕೇ ಅಲ್ಲಿ ಈ ತೊಂದರೆ ತಪ್ಪಿತು. ಡಬ್ಬಿ ಹಿಂದೆ ನಿಮಿಷ ಕಮ್ಮಿ ಕಂಡ ತಕ್ಷಣ ‘ಕಟ್ ವರ್ಷನ್’ ಅಂತ ಜಗಳಕ್ಕೆ ಹೋಗ್ಬೇಡಿ, ಮೊದಲು ಪಾಲಾ ಅಂತ ನೋಡಿ.

4/7

ಈಗ ಬೇಲಿ ವಿಷಯ. ಡಿವಿಡಿ ಬಂದಾಗ ಸ್ಟುಡಿಯೋಗಳು ಇಡೀ ಪ್ರಪಂಚವನ್ನ ಆರು ತುಂಡು ಮಾಡಿ ನಂಬರ್ ಕೊಟ್ಟವು. ಅಮೆರಿಕ, ಕೆನಡಾ 1. ಜಪಾನ್ ಮತ್ತು ಪಶ್ಚಿಮ ಯುರೋಪ್ 2. ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ 4. ಭಾರತ, ರಷ್ಯಾ 5. ಚೀನಾ 6. ಡಿಸ್ಕಿನ ನಂಬರ್ರೂ ಪ್ಲೇಯರ್‌ನ ನಂಬರ್ರೂ ಹೊಂದದಿದ್ರೆ ಸಿನಿಮಾ ಓಡಲ್ಲ.

ಕಾರಣ ಪಕ್ಕಾ ವ್ಯಾಪಾರದ್ದು. ಆಗ ಹಾಲಿವುಡ್ ಸಿನಿಮಾ ಅಮೆರಿಕದಲ್ಲಿ ಬಿಡುಗಡೆ ಆಗಿ ಎಷ್ಟೋ ತಿಂಗಳಾದ ಮೇಲೆ ಬೇರೆ ದೇಶದ ಥಿಯೇಟರ್‌ಗೆ ಹೋಗ್ತಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಡಿಸ್ಕೇ ಬಂದಿರುತ್ತಿತ್ತು. ಆ ಡಿಸ್ಕ್ ತರಿಸಿಕೊಂಡು ನೋಡಿದವರು ಥಿಯೇಟರ್‌ಗೆ ಯಾಕೆ ಬರ್ತಾರೆ?

ಇನ್ನೊಂದು ಕಾರಣ ನಮ್ಮ ಎಕನಾಮಿಕ್ಸ್ ಪುಸ್ತಕದಲ್ಲೇ ಇದೆ: ಬೆಲೆ ತಾರತಮ್ಯ. ಒಂದೇ ಮಾಲನ್ನ ಎರಡು ಮಾರುಕಟ್ಟೆಯಲ್ಲಿ ಎರಡು ಬೆಲೆಗೆ ಮಾರಬೇಕು ಅಂದ್ರೆ, ಅಗ್ಗದ ಕಡೆಯಿಂದ ದುಬಾರಿ ಕಡೆಗೆ ಮಾಲು ಹರಿದು ಹೋಗಬಾರದು. ನಡುವೆ ಬೇಲಿ ಬೇಕು. ರೀಜನ್ ಕೋಡ್ ಆ ಬೇಲಿ.

ಆದರೆ ಕಳ್ಳ ಡಿಸ್ಕ್‌ಗೆ ಈ ಬೇಲಿ ಲೆಕ್ಕಕ್ಕೇ ಇರಲಿಲ್ಲ. ಕೋಡ್ ತೆಗೆದು ಕಾಪಿ ಹೊಡೆದು ಫುಟ್‌ಪಾತ್ ಮೇಲೆ ಮಾರ್ತಿದ್ರು. ದುಡ್ಡು ಕೊಟ್ಟು ಅಸಲಿ ಡಿಸ್ಕ್ ತರಿಸಿದವರಿಗೆ ಮಾತ್ರ ಅದು ಅಡ್ಡ ಬಂತು. ನಮ್ಮಲ್ಲಿ ಕಳ್ಳ ಡಿಸ್ಕ್‌ಗೆ ನಿಜವಾಗಿ ಪೈಪೋಟಿ ಕೊಟ್ಟಿದ್ದು ಬೆಲೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನ 28 ರೂಪಾಯಿಗೆ, ಡಿವಿಡಿಯನ್ನ 34 ರೂಪಾಯಿಗೆ ಮಾರೋಕೆ ನಿಂತಿತು. ನಮ್ಮ ಮನೆಗಳಲ್ಲಿ ಟಿವಿ ಸ್ಟ್ಯಾಂಡ್ ಕೆಳಗೆ ಬಿದ್ದಿರೋ ಎಷ್ಟೋ ಅಸಲಿ ಡಿಸ್ಕ್‌ಗಳು ಆ ಕಾಲದವೇ.

5/7

ಡಿವಿಡಿಯಿಂದ ಹೈ-ಡೆಫಿನಿಷನ್‌ಗೆ ಹೋಗೋಕೆ ಬೇಕಾಗಿದ್ದು ನೀಲಿ ಬೆಳಕು. ಡಿಸ್ಕ್ ಮೇಲಿನ ಸಣ್ಣ ಗುಳಿಗಳನ್ನ ಲೇಸರ್ ಓದುತ್ತೆ. ಬೆಳಕಿನ ತರಂಗಾಂತರ ಕಮ್ಮಿ ಆದಷ್ಟೂ ಗುಳಿ ಚಿಕ್ಕದು ಮಾಡಬಹುದು, ಅದೇ ಜಾಗದಲ್ಲಿ ಜಾಸ್ತಿ ತುಂಬಬಹುದು. ಸಿಡಿಯ ಲೇಸರ್ 780 ನ್ಯಾನೊಮೀಟರ್, ಡಿವಿಡಿಯದು 650, ಬ್ಲೂ-ರೇದು 405. ಹಾಗಾಗಿ ಅಷ್ಟೇ ಅಗಲದ ತಟ್ಟೆಯ ಒಂದು ಪದರದಲ್ಲಿ 25 ಜಿಬಿ ಹಿಡಿಸಿತು.

ನೀಲಿ ಬೆಳಕು ಕೊಡೋ ಅರೆವಾಹಕ ಮಾಡೋದು ದಶಕಗಳ ಕಾಲ ಯಾರಿಗೂ ಸರಿಯಾಗಿ ಆಗಿರಲಿಲ್ಲ. ಜಪಾನ್‌ನ ಇಸಾಮು ಅಕಸಾಕಿ, ಹಿರೋಶಿ ಅಮಾನೋ, ಜೊತೆಗೆ ನಿಚಿಯಾ ಅನ್ನೋ ಕಂಪನಿಯಲ್ಲಿದ್ದ ಶೂಜಿ ನಕಾಮುರಾ 1990ರ ದಶಕದ ಹೊತ್ತಿಗೆ ಅದನ್ನ ಸಾಧಿಸಿದ್ರು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಮೂವರಿಗೂ ನೊಬೆಲ್ ಬಂತು. ನಕಾಮುರಾ ಅದೇ ವಸ್ತುವಿನಿಂದ ನೀಲಿ ಲೇಸರನ್ನೂ ಮಾಡಿ ತೋರಿಸಿದ್ದರು.

ಆಮೇಲೆ ಜಗಳ. 2006ರಲ್ಲಿ ಎರಡು ಡಿಸ್ಕ್ ಒಟ್ಟಿಗೇ ಮಾರುಕಟ್ಟೆಗೆ ಇಳಿದವು: ತೋಶಿಬಾ ಪಕ್ಷದ ಎಚ್‌ಡಿ ಡಿವಿಡಿ, ಸೋನಿ ಪಕ್ಷದ ಬ್ಲೂ-ರೇ. ಎರಡಕ್ಕೂ ಬೇರೆ ಬೇರೆ ಪ್ಲೇಯರ್. ಸೋನಿ ತನ್ನ ಪ್ಲೇಸ್ಟೇಷನ್ 3 ಒಳಗೇ ಬ್ಲೂ-ರೇ ಡ್ರೈವ್ ಇಟ್ಟು ಮಾರಿತು. ಆಟಕ್ಕೆ ಅಂತ ಕೊಂಡವರ ಮನೆಗೂ ಬ್ಲೂ-ರೇ ಪ್ಲೇಯರ್ ಹೋಯ್ತು. 2008ರ ಜನವರಿಯಲ್ಲಿ ವಾರ್ನರ್ ಸ್ಟುಡಿಯೋ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ಕ್ಕೆ ತೋಶಿಬಾ ಕೈಚೆಲ್ಲಿತು.

ಸೋತ ಎಚ್‌ಡಿ ಡಿವಿಡಿಯಲ್ಲಿ ರೀಜನ್ ಬೇಲಿ ಇರಲಿಲ್ಲ, ಗೆದ್ದ ಬ್ಲೂ-ರೇಯಲ್ಲಿ ಇತ್ತು. ಈ ಸಲ ಮೂರು ತುಂಡು. ಅಮೆರಿಕ, ಜಪಾನ್ ‘ಎ’. ಯುರೋಪ್, ಆಸ್ಟ್ರೇಲಿಯಾ ‘ಬಿ’. ಭಾರತ, ಚೀನಾ, ರಷ್ಯಾ ‘ಸಿ’. ಒಂದನೇ ಭಾಗದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ? ನಮ್ಮ ಪ್ಲೇಯರ್ ಸಾಮಾನ್ಯವಾಗಿ ‘ಸಿ’. ಅಮೆರಿಕದ ‘ಸೆವೆನ್ ಸಮುರಾಯ್’ ಬ್ಲೂ-ರೇ ‘ಎ’, ಬ್ರಿಟನ್‌ನದು ‘ಬಿ’. 2016ರಲ್ಲಿ ಬಂದ 4ಕೆ ಡಿಸ್ಕ್‌ಗಳಿಗೆ ಮಾತ್ರ ಈ ಕಾಟ ಇಲ್ಲ. 2024ರಲ್ಲಿ ಈ ಸಿನಿಮಾದ 4ಕೆ ಡಿಸ್ಕೂ ಬಂತು.

6/7

‘ಹೊರದೇಶದಿಂದ ತರಿಸೋದು ಕಾನೂನಿಗೆ ಸರಿನಾ?’ ಅಂತ ಕೇಳಬಹುದು. ನಮ್ಮ 1957ರ ಕಾಪಿರೈಟ್ ಕಾಯಿದೆ ಸೆಕ್ಷನ್ 51 ತೆಗೆದು ನೋಡಿ. ಹಕ್ಕು ಉಲ್ಲಂಘಿಸಿದ ಪ್ರತಿಗಳನ್ನ ಆಮದು ಮಾಡೋದು ತಪ್ಪು ಅಂತ ಹೇಳಿದ ಮೇಲೆ ಒಂದು ವಿನಾಯಿತಿ ಇದೆ: ತರಿಸಿಕೊಳ್ಳೋರ ಸ್ವಂತ, ಮನೆ ಬಳಕೆಗೆ ಯಾವುದೇ ಕೃತಿಯ ಒಂದು ಪ್ರತಿ ಆದರೆ ಈ ನಿಷೇಧ ತಾಗಲ್ಲ. ಆ ‘ಒಂದು’ ಅನ್ನೋ ಪದ ಮುಖ್ಯ.

ಅದನ್ನೇ ವ್ಯಾಪಾರ ಮಾಡಿದ್ರೆ ಕಥೆ ಬೇರೆ. ಅಮೆರಿಕದಲ್ಲಿ ಸರಿಯಾಗಿ ದುಡ್ಡು ಕೊಟ್ಟು ಕೊಂಡ ಅಸಲಿ ಡಿವಿಡಿಗಳನ್ನ ದೆಹಲಿಯ ಒಂದು ಅಂಗಡಿ ಬಾಡಿಗೆಗೆ ಕೊಡ್ತಿತ್ತು. ವಾರ್ನರ್ ಕೇಸ್ ಹಾಕಿತು. 2009ರಲ್ಲಿ ದೆಹಲಿ ಹೈಕೋರ್ಟ್ ಸ್ಟುಡಿಯೋ ಪರ ಹೇಳಿತು. ಅಮೆರಿಕದಲ್ಲಿ ಮಾತ್ರ ಗಾಳಿ ಉಲ್ಟಾ ಬೀಸಿತು. ಥಾಯ್ಲೆಂಡ್‌ನಿಂದ ಓದೋಕೆ ಹೋದ ವಿದ್ಯಾರ್ಥಿಯೊಬ್ಬ ತನ್ನ ದೇಶದಲ್ಲಿ ಅಗ್ಗಕ್ಕೆ ಸಿಗೋ ಪಠ್ಯಪುಸ್ತಕ ತರಿಸಿ ಅಲ್ಲಿ ಮಾರಿದ್ದ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನ ಪರವಾಗಿ ತೀರ್ಪು ಕೊಟ್ಟಿತು. ಬಿಸಿನೆಸ್ ಲಾ ಕ್ಲಾಸಲ್ಲಿ ಚರ್ಚೆಗೆ ಇಡೋಕೆ ಒಳ್ಳೆ ಜೋಡಿ.

ಇನ್ನು ಟ್ಯಾಕ್ಸ್. ಕಸ್ಟಮ್ಸ್ ಲೆಕ್ಕ ಬರೀ ಡಿಸ್ಕಿನ ಬೆಲೆ ಮೇಲಲ್ಲ, ಸಾಗಣೆ ಮತ್ತು ವಿಮೆ ಖರ್ಚೂ ಸೇರುತ್ತೆ. ಡಿಸ್ಕ್ 2000 ರೂಪಾಯಿ, ಸಾಗಣೆ 800 ಅಂದ್ಕೊಳ್ಳಿ. ಲೆಕ್ಕ ಶುರುವಾಗೋದು 2800ರಿಂದ. ಸುಂಕ, ಸರ್‌ಚಾರ್ಜ್ ಸೇರಿ 300 ಆಯ್ತು ಅಂದ್ಕೊಳ್ಳಿ. ಐಜಿಎಸ್‌ಟಿ ಬೀಳೋದು 3100 ಮೇಲೆ. ಅಂದ್ರೆ ಟ್ಯಾಕ್ಸ್ ಮೇಲೂ ಟ್ಯಾಕ್ಸ್. ದರಗಳು ಬದಲಾಗ್ತಾ ಇರುತ್ತವೆ, ಆರ್ಡರ್ ಮಾಡೋ ದಿನ ನೋಡ್ಕೊಳ್ಳಿ.

ಸೇವ್ ಮಾಡ್ಕೊಳ್ಳೋಕೆ ಒಂದು ಪಟ್ಟಿ:
• ಡಬ್ಬಿ ಹಿಂದೆ ಎ, ಬಿ, ಸಿ ಗುರುತು ಯಾವುದು?
• ನಿಮ್ಮ ಪ್ಲೇಯರ್ ಎಲ್ಲ ರೀಜನ್ ಓದುತ್ತಾ?
• ಇಂಗ್ಲಿಷ್ ಸಬ್‌ಟೈಟಲ್ ಇದೆಯಾ? ಜಪಾನ್‌ನಲ್ಲಿ ಮಾರೋ ಎಷ್ಟೋ ಡಿಸ್ಕ್‌ಗಳಲ್ಲಿ ಇರಲ್ಲ.
• ನಿಮಿಷ ಎಷ್ಟು? ಈ ಸಿನಿಮಾಗೆ 207 ಇರಬೇಕು.
• ಪಕ್ಕದಲ್ಲಿ ಕಪ್ಪು ಪಟ್ಟಿ ಕಂಡ್ರೆ ಗಾಬರಿ ಬೇಡ. 1954ರ ಈ ಸಿನಿಮಾ ಹೆಚ್ಚುಕಮ್ಮಿ ಹಳೆ ಟಿವಿ ಆಕಾರದ್ದು.

7/7

ಇಷ್ಟೆಲ್ಲ ತಾಪತ್ರಯ ಯಾಕೆ, ಆ್ಯಪ್‌ನಲ್ಲಿ ನೋಡಿದ್ರೆ ಆಯ್ತಲ್ಲ ಅಂತೀರಾ? ಬಹುಪಾಲು ಸಿನಿಮಾಗೆ ಅದೇ ಸಾಕು. ಆದರೆ ಆ್ಯಪ್‌ಗೆ ತಿಂಗಳ ದುಡ್ಡು ಕಟ್ಟಿದಾಗ ನಾವು ಸಿನಿಮಾ ಕೊಳ್ಳಲ್ಲ, ನೋಡೋಕೆ ಅನುಮತಿ ಕೊಳ್ತೀವಿ. ಕರಾರು ಮುಗಿದ ದಿನ ಅದು ಅಲ್ಲಿರಲ್ಲ. 1998ರಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸೋ ಕೆಲಸ ಶುರು ಮಾಡಿದ್ದ ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಆ ಕೆಲಸ ನಿಲ್ಲಿಸಿತು.

ಎರಡನೇ ಭಾಗದ ವ್ಯತ್ಯಾಸ ನೆನಪಿದೆಯಾ? ಎಲ್ಲೋ ಒಂದು ಕಡೆ ಪ್ರತಿ ಉಳಿದಿದ್ದಕ್ಕೆ ‘ಸೆವೆನ್ ಸಮುರಾಯ್’ ಪೂರ್ತಿ ಇದೆ. ಉಳಿಯದ್ದಕ್ಕೆ ‘ದಿ ಈಡಿಯಟ್’ ಅರೆಬರೆ ಆಗಿದೆ. ನಮ್ಮ ಕಡೆಯ ಲೆಕ್ಕವೂ ಇದೇ. ‘ಶೋಲೆ’ಯ ಮೂಲ ಅಂತ್ಯ 1975ರಲ್ಲಿ ಸೆನ್ಸಾರ್ ಕಾರಣಕ್ಕೆ ಬದಲಾಯ್ತು. ಬ್ರಿಟನ್‌ನ ಗೋದಾಮಿನಲ್ಲಿ ಉಳಿದಿದ್ದ ರೀಲುಗಳಿಂದ ಅದು ವಾಪಸ್ ಸಿಕ್ಕಿ, 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೆರೆಗೆ ಬಂತು. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನ ರಿಪೇರಿ ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ರು. ಅದರೂ ಮೂಲ ಉಳಿದಿತ್ತು, ಅದಕ್ಕೇ ಸಾಧ್ಯ ಆಯ್ತು. ಆದರೆ ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’? ಅದರ ಒಂದೇ ಒಂದು ಪ್ರಿಂಟ್ ಇವತ್ತು ಇಲ್ಲ. ಎಷ್ಟೇ ದುಡ್ಡಿದ್ರೂ ಯಾವ ದೇಶದಿಂದಲೂ ತರಿಸೋಕಾಗಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಎಲ್ಲ ಸಿನಿಮಾದ ಡಿಸ್ಕ್ ಕೊಳ್ಳಿ ಅಂತ ಹೇಳಲ್ಲ, ನಮ್ಮ ಪಾಕೆಟ್ ಮನಿಗೆ ಅದು ಆಗೋ ಮಾತೂ ಅಲ್ಲ. ನಿಮ್ಮ ಜೀವಕ್ಕೆ ಹತ್ತಿರವಾದ ಒಂದೇ ಒಂದು ಸಿನಿಮಾ ಆರಿಸಿ, ಅದರ ಪೂರ್ತಿ, ಒಳ್ಳೆ ಪ್ರತಿ ತರಿಸಿ ಇಟ್ಕೊಳ್ಳಿ. ಸ್ನೇಹಿತರನ್ನ ಮನೆಗೆ ಕರೆದು ಒಟ್ಟಿಗೆ ಕೂತು ನೋಡಿ.

ದುಡ್ಡಿಲ್ಲದೆ ಮಾಡೋ ಕೆಲಸವೂ ಒಂದಿದೆ. ಈ ಭಾನುವಾರ ಮನೆಯ ಅಟ್ಟ, ಟಿವಿ ಸ್ಟ್ಯಾಂಡ್ ಹುಡುಕಿ. ಹಳೆ ಕನ್ನಡ ಸಿನಿಮಾದ ವಿಸಿಡಿ, ಡಿವಿಡಿ, ಕ್ಯಾಸೆಟ್ ಸಿಕ್ಕರೆ ಗುಜರಿಗೆ ಹಾಕೋ ಮುಂಚೆ ಅದು ಬೇರೆಲ್ಲಾದರೂ ಸಿಗುತ್ತಾ ಅಂತ ನೋಡಿ. ಸಿಗದಿದ್ರೆ ಹೆಸರು ಕೆಳಗೆ ಕಾಮೆಂಟ್‌ನಲ್ಲಿ ಬರೀರಿ, ಒಂದು ಪಟ್ಟಿ ಮಾಡೋಣ.