ಬರೋಕ್ ರೇಖೆಯಲ್ಲಿ ಭಿಕ್ಷುಕರು

ಜಾಕ್ ಕ್ಯಾಲೊ 1622ರ ಆಸುಪಾಸಿನಲ್ಲಿ ಭಿಕ್ಷುಕರ 25 ಅಚ್ಚುಚಿತ್ರಗಳನ್ನು ರಚಿಸಿದ. ಒಂದೊಂದೂ ಅಂಗೈಗಿಂತ ತುಸುವೇ ದೊಡ್ಡದು. ಲೊರೇನ್ ಸಂಸ್ಥಾನದ ನಾನ್ಸಿ ಪಟ್ಟಣದವನಾದ ಈತ (1592–1635) ಫ್ಲಾರೆನ್ಸಿನ ಮೆಡಿಚಿ ಆಸ್ಥಾನದಲ್ಲಿ ದುಡಿದು 1621ರಲ್ಲಿ ಊರಿಗೆ ಮರಳಿದ್ದ.

ತಾಮ್ರದ ತಗಡಿಗೆ ಲೇಪ ಬಳಿದು, ಅದರ ಮೇಲೆ ಗೀರಿ, ಆಮ್ಲ ಉಣಿಸಿದರೆ ಗೀರಿದಲ್ಲೆಲ್ಲ ಲೋಹ ಕರಗಿ ಗೆರೆ ಕೊರೆಯುತ್ತದೆ. ಅದಕ್ಕೆ ಮಸಿ ತುಂಬಿ ಕಾಗದ ಒತ್ತಿದರೆ ಎಚಿಂಗ್; ಈ ಚಿತ್ರಗಳೂ ಅಂಥವೇ. ಮೆತ್ತನೆಯ ಲೇಪದ ಬದಲು ಕ್ಯಾಲೊ ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷ್ ಬಳಸಿದ. ತುದಿಯನ್ನು ಓರೆಯಾಗಿ ಕತ್ತರಿಸಿದ ಎಷೋಪ್ ಎಂಬ ಮೊನೆಯಿಂದ ಗೀರಿದ. ಬೆರಳುಗಳ ನಡುವೆ ಅದನ್ನು ಹೊರಳಿಸಿದರೆ ಗೆರೆ ಸಣ್ಣಗೆ ಹೊರಟು, ಉಬ್ಬಿ, ಮತ್ತೆ ಸಣ್ಣಗಾಗುತ್ತದೆ. ಜೋಲುವ ಚಿಂದಿಬಟ್ಟೆಗೆ ಹೇಳಿ ಮಾಡಿಸಿದ ಗೆರೆ ಅದು.

ಊರುಗೋಲಿನವನು, ಜಪಮಾಲೆ ಹಿಡಿದ ಹೆಂಗಸು, ಮಕ್ಕಳೊಂದಿಗಿನ ತಾಯಿ: ಬಹುತೇಕ ಎಲ್ಲರೂ ಖಾಲಿ ಬಿಳಿಯ ಮುಂದೆ ನಿಂತಿದ್ದಾರೆ. ಊರಿಲ್ಲ, ಬೀದಿಯಿಲ್ಲ, ಕಾಸು ಕೊಡುವವರೂ ಇಲ್ಲ. ಮೊದಲ ಚಿತ್ರದ ಹರಕು ಉಡುಪಿನ ನಾಯಕನ ಬಾವುಟದ ಮೇಲಿರುವ ಇಟಾಲಿಯನ್ ಬರಹಕ್ಕೆ ‘ಪೋಕರಿಗಳ ದಳಪತಿ’ ಎಂಬ ಅರ್ಥ ಬರುತ್ತದೆ. ಕನಿಕರದ ಪಕ್ಕದಲ್ಲೇ ಶಂಕೆ ಕೂತಿದೆ. ಈ ಮಾಲಿಕೆಯನ್ನು ಯುದ್ಧದ ಹಾವಳಿಗೆ ತಳುಕು ಹಾಕುವುದು ಸರಿಯಲ್ಲ. ಫ್ರೆಂಚ್ ಸೇನೆ ನಾನ್ಸಿಯನ್ನು ಹಿಡಿದದ್ದು ಆಮೇಲೆ, 1633ರಲ್ಲಿ. ಯುದ್ಧದ ಘೋರತೆಯನ್ನು ತೋರುವ ಅವನ 18 ಚಿತ್ರಗಳ ಮಾಲಿಕೆ ಪ್ರಕಟವಾದದ್ದೂ ಆ ವರ್ಷವೇ.

ಶಂಕೆ ಚಿತ್ರಕಾರನೊಬ್ಬನದೇ ಆಗಿರಲಿಲ್ಲ. ಮೈಗಟ್ಟಿಯಿದ್ದೂ ಬೇಡುವವನು ಕಳ್ಳನಿಗೆ ಸಮ ಎಂಬ ಭಾವನೆ ಯುರೋಪಿನ ನಗರಗಳಲ್ಲಿ ಬೇರೂರಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1596ರಲ್ಲಿ ತೆರೆದ ದುಡಿಮೆಯ ಸೆರೆಮನೆಯಲ್ಲಿ ಅಂಥವರು ಬಣ್ಣ ತೆಗೆಯುವ ಮರವನ್ನು ಉಜ್ಜಿ ಪುಡಿಮಾಡಬೇಕಿತ್ತು.

ಕ್ಯಾಲೊನ ಚಿತ್ರಗಳನ್ನು ಬಲ್ಲ ಡಚ್ ಚಿತ್ರಕಾರ ರೆಂಬ್ರಾಂಟ್ ಲೈಡನ್ನಿನಲ್ಲಿದ್ದಾಗಲೇ ಭಿಕ್ಷುಕರನ್ನು ಬಿಡಿಸತೊಡಗಿದ. ಅವನ ಗೆರೆ ಒರಟು, ಆತುರದ್ದು. 1630ರ ಒಂದು ಎಚಿಂಗಿನಲ್ಲಿ ದಿಬ್ಬದ ಮೇಲೆ ಕೂತು, ಬಾಯಿ ತೆರೆದು, ಕೈ ಚಾಚಿದ ಭಿಕ್ಷುಕನ ಮುಖ ರೆಂಬ್ರಾಂಟನದೇ. ಚೇಷ್ಟೆಗೋ, ಮರುಕಕ್ಕೋ, ಕನ್ನಡಿಯ ಮುಖವೇ ಕೈಗೆಟುಕುವ ರೂಪದರ್ಶಿಯೆಂದೋ, ಹೇಗೂ ಓದಬಹುದು.

ರೆಂಬ್ರಾಂಟನ 1648ರ ಚಿತ್ರದಲ್ಲಿ ಕ್ಯಾಲೊ ಬಿಟ್ಟಿದ್ದ ಖಾಲಿ ಜಾಗ ತುಂಬಿದೆ. ಮನೆಯ ಅರೆಬಾಗಿಲಿನ ಮೇಲಿಂದ ಮುದುಕನೊಬ್ಬ ಬಾಗಿದ್ದಾನೆ. ಹೊರಗೆ ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಿ, ಹುಡುಗ, ಇನ್ನೊಬ್ಬ ಮುದುಕ. ತಾಯಿಯ ಅಂಗೈಗೆ ನಾಣ್ಯ ಬೀಳುತ್ತಿದೆ.