ಔಟ್‌ಬೋರ್ಡ್ ಎಂಜಿನ್ ನಿರ್ವಹಣೆ

ಔಟ್‌ಬೋರ್ಡ್ ಎಂಜಿನ್ ನಿರ್ವಹಣೆ ಎಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಜೋಡಿಸುವ ಎಂಜಿನ್ನನ್ನು ನಿಗದಿತ ಅವಧಿಗಳಲ್ಲಿ ಪರೀಕ್ಷಿಸಿ, ಶುಚಿಗೊಳಿಸಿ, ಸವೆದ ಭಾಗಗಳನ್ನು ಬದಲಿಸಿ ಸುಸ್ಥಿತಿಯಲ್ಲಿಡುವ ಕಾರ್ಯ. ಸ್ಪಾರ್ಕ್ ಪ್ಲಗ್, ಫಿಲ್ಟರ್, ಕಾರ್ಬ್ಯುರೇಟರ್ ಮುಂತಾದವನ್ನು ಸರಿಹೊಂದಿಸುವುದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ರಸ್ತೆಯಲ್ಲಿ ಕೆಟ್ಟ ವಾಹನವನ್ನು ಬದಿಗೆ ನಿಲ್ಲಿಸಬಹುದು. ನೀರಿನ ನಡುವೆ ಎಂಜಿನ್ ನಿಂತರೆ ದೋಣಿಯು ಗಾಳಿ ಮತ್ತು ಅಲೆಗಳ ವಶವಾಗುತ್ತದೆ. ಆದುದರಿಂದ ಈ ನಿರ್ವಹಣೆ ಹಣದ ಉಳಿತಾಯಕ್ಕಷ್ಟೇ ಅಲ್ಲದೆ ಪ್ರಾಣರಕ್ಷಣೆಗೂ ಸಂಬಂಧಿಸಿದೆ.

ಹಿನ್ನೆಲೆ ಮತ್ತು ರಚನೆ

ನಾರ್ವೆಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿ ನಗರದಲ್ಲಿ ಇಂತಹ ಎಂಜಿನ್‌ಗಳ ತಯಾರಿಕೆಯನ್ನು ಆರಂಭಿಸಿದರು. ಇದರಲ್ಲಿ ಮೂರು ಮುಖ್ಯ ಭಾಗಗಳಿವೆ: ಮೇಲ್ಗಡೆ ಸಿಲಿಂಡರ್‌ಗಳುಳ್ಳ ಎಂಜಿನ್, ನಡುವೆ ಚಾಲಕ ದಂಡವನ್ನು ಒಳಗೊಂಡ ಕಾಲು, ನೀರಿನೊಳಗೆ ಗೇರ್‌ಪೆಟ್ಟಿಗೆ ಮತ್ತು ಪ್ರೊಪೆಲ್ಲರ್.

ಸರ್ವೀಸಿನ ಅವಧಿ

ಔಟ್‌ಬೋರ್ಡ್ ಎಂಜಿನ್ನಿನ ಆಯುಷ್ಯವನ್ನು ಅದು ಓಡಿದ ಗಂಟೆಗಳಿಂದ ಅಳೆಯಲಾಗುತ್ತದೆ. ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ. ನಾಲ್ಕು ಸ್ಟ್ರೋಕ್ ಎಂಜಿನ್‌ಗಳಿಗೆ ಸಾಮಾನ್ಯವಾದ ಕ್ರಮ ಹೀಗಿದೆ:

- ಮೊದಲ 20 ಗಂಟೆಗಳ ಬಳಿಕ: ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಬದಲಾವಣೆ. ಹೊಸ ಭಾಗಗಳು ಪರಸ್ಪರ ಉಜ್ಜಿ ಉದುರಿದ ಲೋಹದ ಕಣಗಳು ಇದರೊಡನೆ ಹೊರಹೋಗುತ್ತವೆ.
- ಪ್ರತಿ 100 ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ: ಆಯಿಲ್, ಆಯಿಲ್ ಫಿಲ್ಟರ್ ಮತ್ತು ಗೇರ್ ಆಯಿಲ್ ಬದಲಾವಣೆ, ಇಂಧನ ಫಿಲ್ಟರ್, ಸ್ಪಾರ್ಕ್ ಪ್ಲಗ್‌ಗಳ ಪರೀಕ್ಷೆ.
- ಎರಡು ಮೂರು ವರ್ಷಗಳಿಗೊಮ್ಮೆ: ನೀರಿನ ಪಂಪಿನ ಇಂಪೆಲ್ಲರ್ ಬದಲಾವಣೆ.

ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಎಂಜಿನ್ ಆಯಿಲ್ ಇಂಧನದೊಡನೆ ಬೆರೆತು ಉರಿದುಹೋಗುತ್ತದೆ. ಆದುದರಿಂದ ಅಲ್ಲಿ ಆಯಿಲ್ ಬದಲಾವಣೆಯ ಪ್ರಶ್ನೆಯಿಲ್ಲ. ಹೇಳಿದ ಪ್ರಮಾಣದಲ್ಲಿ ಬೆರೆಸುವುದೇ ಮುಖ್ಯ.

ತಂಪುಗೊಳಿಸುವ ವ್ಯವಸ್ಥೆ

ಸುತ್ತಲಿನ ನೀರನ್ನೇ ಪಂಪಿನಿಂದ ಮೇಲಕ್ಕೆಳೆದು ಎಂಜಿನ್ನನ್ನು ತಂಪಾಗಿಡಲಾಗುತ್ತದೆ. ಪಂಪಿನೊಳಗಿನ ಇಂಪೆಲ್ಲರ್ ರಬ್ಬರಿನದು. ನೀರಿಲ್ಲದೆ ಎಂಜಿನ್ ಓಡಿಸಿದರೆ ಅದು ಅಲ್ಪಕಾಲದಲ್ಲೇ ಹಾಳಾಗುತ್ತದೆ. ಎಂಜಿನ್ನಿನ ಹಿಂಬದಿಯ ಸಣ್ಣ ರಂಧ್ರದಿಂದ ಚಿಮ್ಮುವ ನೀರು ಪಂಪ್ ಕೆಲಸಮಾಡುತ್ತಿರುವುದರ ಗುರುತು. ಆ ಧಾರೆ ಕ್ಷೀಣಿಸಿದರೆ ಕೂಡಲೇ ಎಂಜಿನ್ ನಿಲ್ಲಿಸಿ ಕಾರಣ ಹುಡುಕಬೇಕು. ಉಪ್ಪುನೀರಿನಲ್ಲಿ ಬಳಸಿದ ಬಳಿಕ ಪ್ರತಿ ಸಲವೂ ಸಿಹಿನೀರು ಹಾಯಿಸಿ ಒಳದಾರಿಗಳನ್ನು ತೊಳೆಯಬೇಕು. ಇಲ್ಲವಾದರೆ ಉಪ್ಪು ಹರಳುಗಟ್ಟಿ ದಾರಿ ಕಟ್ಟಿಕೊಳ್ಳುತ್ತದೆ.

ಗೇರ್ ಆಯಿಲ್ ಮತ್ತು ತುಕ್ಕು

ಬಸಿದ ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲು ಹಾಳಾಗಿ ನೀರು ಒಳಸೇರಿದೆ ಎಂದರ್ಥ. ಹೊಸ ಆಯಿಲನ್ನು ಕೆಳಗಿನ ರಂಧ್ರದಿಂದ ತುಂಬಿ, ಮೇಲಿನ ರಂಧ್ರದಲ್ಲಿ ಉಕ್ಕುವವರೆಗೆ ಮುಂದುವರಿಸಬೇಕು. ಹಾಗೆ ಮಾಡಿದರೆ ಒಳಗೆ ಗಾಳಿ ಉಳಿಯುವುದಿಲ್ಲ. ನೀರಿನೊಳಗಿನ ಭಾಗಗಳಿಗೆ ಬಿಗಿದಿರುವ ಆನೋಡ್ ಎಂಬ ಲೋಹದ ತುಂಡುಗಳು ತಾವು ಕರಗಿ ಎಂಜಿನ್ನಿನ ಲೋಹವನ್ನು ಉಳಿಸುತ್ತವೆ. ಸಮುದ್ರಕ್ಕೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್‌ಗಳು ಬಳಕೆಯಲ್ಲಿವೆ. ಅವುಗಳಿಗೆ ಬಣ್ಣ ಬಳಿಯಬಾರದು. ಅರ್ಧದಷ್ಟು ಸವೆದಾಗ ಬದಲಿಸುವುದು ಲೇಸು.

ಇಂಧನ

ಎಥೆನಾಲ್ ಬೆರೆತ ಪೆಟ್ರೋಲ್ ತೇವಾಂಶವನ್ನು ಹೀರುತ್ತದೆ. ಬಹುಕಾಲ ನಿಂತರೆ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರಿ, ಎಂಜಿನ್ ಚಾಲೂ ಆಗದಂತೆ ಮಾಡಬಹುದು. ನೀರು ಬೇರ್ಪಡಿಸುವ ಫಿಲ್ಟರ್ ಇದಕ್ಕೆ ಸಾಮಾನ್ಯ ಪರಿಹಾರ.

ವೆಚ್ಚ

ಸರ್ವೀಸಿನ ವೆಚ್ಚವು ಆಯಿಲ್ ಮುಂತಾದ ಸಾಮಗ್ರಿ, ಬಿಡಿಭಾಗ ಮತ್ತು ಮೆಕ್ಯಾನಿಕ್‌ನ ಕೂಲಿ ಎಂಬ ಮೂರು ಬಾಬುಗಳಲ್ಲಿ ಹಂಚಿಹೋಗುತ್ತದೆ. ಸಿಲಿಂಡರ್‌ಗಳು ಹೆಚ್ಚಿದಂತೆ ಪ್ಲಗ್‌ಗಳೂ ಕೆಲಸದ ಸಮಯವೂ ಹೆಚ್ಚುತ್ತವೆ. ತೊಳೆಯುವುದು, ಗ್ರೀಸ್ ಹಚ್ಚುವುದು, ಆಯಿಲ್ ಮತ್ತು ಪ್ಲಗ್ ಬದಲಿಸುವುದು ಮಾಲೀಕರೇ ಕಲಿಯಬಹುದಾದ ಕೆಲಸಗಳು. ಗೇರ್‌ಪೆಟ್ಟಿಗೆಯ ಸೀಲು, ಇಂಧನ ಇಂಜೆಕ್ಷನ್ ಮುಂತಾದವಕ್ಕೆ ನುರಿತ ಮೆಕ್ಯಾನಿಕ್ ಬೇಕು.

ದೊಡ್ಡ ವೆಚ್ಚಗಳು ಬಹುಮಟ್ಟಿಗೆ ಚಿಕ್ಕ ಅಲಕ್ಷ್ಯದಿಂದ ಹುಟ್ಟುತ್ತವೆ. ಪ್ರೊಪೆಲ್ಲರ್ ದಂಡಕ್ಕೆ ಸುತ್ತಿಕೊಂಡ ಮೀನುಗಾಳದ ನೂಲು ಸೀಲನ್ನು ಕತ್ತರಿಸುತ್ತದೆ. ಸೀಲಿನ ಮೂಲಕ ನೀರು ಒಳನುಗ್ಗುತ್ತದೆ. ಬೇರಿಂಗ್ ಮತ್ತು ಗೇರ್‌ಗಳು ತುಕ್ಕು ಹಿಡಿಯುತ್ತವೆ. ಕೊನೆಗೆ ಇಡೀ ಗೇರ್‌ಪೆಟ್ಟಿಗೆಯನ್ನೇ ಬದಲಿಸಬೇಕಾಗುತ್ತದೆ. ಆಗಾಗ ಪ್ರೊಪೆಲ್ಲರ್ ಬಿಚ್ಚಿ ನೋಡಿದ್ದರೆ ಇದು ತಪ್ಪುತ್ತಿತ್ತು. ಹಳೆಯ ಎಂಜಿನ್ ಕೊಳ್ಳುವವರು ಗೇರ್ ಆಯಿಲ್ ಬಣ್ಣವನ್ನು, ಎಲ್ಲ ಸಿಲಿಂಡರ್‌ಗಳ ಒತ್ತಡ ಸಮನಾಗಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಸರ್ವೀಸಿನ ದಾಖಲೆಗಳು ವಾರಂಟಿಗೂ ಮರುಮಾರಾಟಕ್ಕೂ ಉಪಯುಕ್ತ.

ಕರ್ನಾಟಕದ ಕರಾವಳಿಯಲ್ಲಿ

ಗಂಗೊಳ್ಳಿ, ಮರವಂತೆ ಮುಂತಾದೆಡೆಗಳ ನಾಡದೋಣಿ ಮೀನುಗಾರರು ಔಟ್‌ಬೋರ್ಡ್ ಎಂಜಿನ್‌ಗಳನ್ನು ಅವಲಂಬಿಸಿದ್ದಾರೆ. ಇವುಗಳಲ್ಲಿ ಅನೇಕವು ಸೀಮೆಎಣ್ಣೆಯಿಂದ ಓಡುತ್ತವೆ; ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಬದಲಿಸಲಾಗುತ್ತದೆ. ಸೀಮೆಎಣ್ಣೆಯಿಂದ ಮಸಿ ಹೆಚ್ಚು ಕಟ್ಟುವುದರಿಂದ ಪ್ಲಗ್‌ಗಳನ್ನು ಮೇಲಿಂದ ಮೇಲೆ ಶುಚಿಗೊಳಿಸಬೇಕಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕಾ ನಿಷೇಧದಲ್ಲಿ ಕಡಿಮೆ ಅಶ್ವಶಕ್ತಿಯ ನಾಡದೋಣಿಗಳಿಗೆ ವಿನಾಯಿತಿಯಿದೆ. ಕಡಲು ಪ್ರಕ್ಷುಬ್ಧವಾಗಿರುವ ಈ ಕಾಲದಲ್ಲಿ ಎಂಜಿನ್ ಕೈಕೊಟ್ಟರೆ ಅಪಾಯ ಹೆಚ್ಚು. ಆದುದರಿಂದ ಮಳೆಗೆ ಮುಂಚಿನ ಸರ್ವೀಸು ಮಹತ್ವದ್ದು. ಬಳಕೆಯಿಲ್ಲದ ಎಂಜಿನ್ನನ್ನು ತೊಳೆದು, ಇಂಧನ ಬಸಿದು, ನೀರು ಪೂರ್ತಿ ಇಳಿಯುವಂತೆ ನೆಟ್ಟಗೆ ನಿಲ್ಲಿಸಿಡಬೇಕು.