ಸ್ವಾತಿ ಹನಿ ಮತ್ತು ಕಡಲಹಕ್ಕಿಯ ಹುಳು

ಸ್ವಾತಿ ಮಳೆಯ ಹನಿ ಬಾಯ್ತೆರೆದ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಿರೇಗುತ್ತಿಯ ಗಜನಿ ಕಡೆಯವರಿಗೂ ಅಘನಾಶಿನಿಯಲ್ಲಿ ಬಳಚು ಆರಿಸುವವರಿಗೂ ಈ ಮಾತು ಹೊಸದಲ್ಲ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಮುತ್ತಿನ ಮೂಲ ಹುಡುಕುತ್ತ ಹೊರಟ ವಿಜ್ಞಾನಿಯೊಬ್ಬರು ಕೊನೆಗೆ ತಲುಪಿದ್ದು ಕಡಲಹಕ್ಕಿಯ ಕರುಳಿಗೆ.

ಹುಳುಗಳಿಗೆ ಹೆಸರಿಡುವ ವಿದ್ಯೆ ಆ ಹೊತ್ತಿಗೆ ಹಳೆಯದಾಗಿತ್ತು. ಜರ್ಮನಿಯ ಪ್ರಾಧ್ಯಾಪಕ ಕಾರ್ಲ್ ರುಡಾಲ್ಫಿ 1808ರಿಂದ 1810ರ ನಡುವೆ ಪ್ರಾಣಿಗಳ ಹೊಟ್ಟೆಯ ಹುಳುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದಿದ್ದರು. ಸತ್ತ ಹಕ್ಕಿಯ ಕರುಳು ಸೀಳಿ, ತೊಳೆದು, ಸಿಕ್ಕ ಹುಳುಗಳನ್ನು ಬೇರ್ಪಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇದರ ಕ್ರಮ. ದುಂಡುಹುಳುವಾದರೆ ತುಟಿಯ ಆಕಾರ, ಲಾಡಿಹುಳುವಾದರೆ ತಲೆಯ ಮೇಲಿನ ಹೀರುಬಟ್ಟಲು ಮತ್ತು ಕೊಕ್ಕೆಗಳ ಲೆಕ್ಕ, ಚಪ್ಪಟೆ ಹುಳುವಾದರೆ ಹೀರುಬಟ್ಟಲು ಇರುವ ಜಾಗ. ಇವೇ ಗುರುತು. ಆದರೂ ಹುಳು ಹೊಟ್ಟೆಯೊಳಗೆ ತಾನಾಗಿಯೇ ಹುಟ್ಟುತ್ತದೆ ಎಂದು ರುಡಾಲ್ಫಿ ನಂಬಿದ್ದರು. 1842ರಲ್ಲಿ ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪ್, ಚಪ್ಪಟೆ ಹುಳುಗಳು ಒಂದು ತಲೆಮಾರಿಗೆ ಒಂದು ರೂಪ, ಇನ್ನೊಂದಕ್ಕೆ ಇನ್ನೊಂದು ರೂಪ ತಾಳುತ್ತವೆ ಎಂದು ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಇಲ್ಲೇ ಒಂದು ತೊಡಕು. ಚಿಪ್ಪಿನೊಳಗಿನ ಮರಿಹುಳುವಿನಲ್ಲಿ ಸಂತಾನದ ಅಂಗಗಳು ಬೆಳೆದಿರುವುದಿಲ್ಲ. ಹಾಗಾಗಿ ಅದು ಯಾವ ಜಾತಿ ಎಂದು ಖಚಿತವಾಗಿ ಹೇಳುವುದು ಕಷ್ಟ. ಅದೇ ಹುಳು ಬಲಿತು ಎಲ್ಲಿ ಮೊಟ್ಟೆಯಿಡುತ್ತದೋ ಅಲ್ಲಿಗೇ ಹೋಗಿ ಹುಡುಕಬೇಕು.

ಬ್ರಿಟಿಷ್ ವಿಜ್ಞಾನಿ ಲಿಸ್ಟರ್ ಜೇಮ್ಸನ್ ಮಾಡಿದ್ದು ಅದನ್ನೇ. ಇಂಗ್ಲೆಂಡ್ ಮತ್ತು ಫ್ರಾನ್ಸ್ ಕರಾವಳಿಯಲ್ಲಿ ಬಂಡೆಗೆ ಕಚ್ಚಿಕೊಂಡು ಬೆಳೆಯುವ ನೀಲಿಕಲ್ಲಿನ ಜಾತಿಯ ಚಿಪ್ಪುಗಳಲ್ಲಿ ಸಣ್ಣ ಮುತ್ತುಗಳಿದ್ದವು; ಅವುಗಳ ನಡುವೆ ಚಪ್ಪಟೆ ಹುಳುವಿನ ಮರಿ. ಆ ಚಿಪ್ಪುಗಳನ್ನು ತಿನ್ನುವ ಸ್ಕೋಟರ್ ಎಂಬ ಕಪ್ಪು ಕಡಲ ಬಾತುಕೋಳಿಯ ಕರುಳಿನಲ್ಲಿ ಬಲಿತ ಹುಳು ಸಿಕ್ಕಿತು. ಹಕ್ಕಿಯಿಂದ ಬಳಚಿನ ಜಾತಿಯ ಚಿಪ್ಪಿಗೆ, ಅಲ್ಲಿಂದ ನೀಲಿಕಲ್ಲಿಗೆ, ಮತ್ತೆ ಹಕ್ಕಿಗೆ: ಇದು ಹುಳುವಿನ ದಾರಿ ಎಂದು 1902ರಲ್ಲಿ ಅವರು ಬರೆದರು.

ಅದೇ ವರ್ಷ ಸಿಲೋನಿನ ಮುತ್ತಿನ ದಂಡೆಗಳ ತನಿಖೆಗೆ ಹರ್ಡ್‌ಮನ್ ಮತ್ತು ಹಾರ್ನೆಲ್ ಹೋದರು. ಅಲ್ಲಿನ ಮುತ್ತುಗಳಿಗೆ ಲಾಡಿಹುಳುವಿನ ಮರಿಯೇ ಕಾರಣ ಎಂಬುದು ಅವರ ವಾದ. ಆ ಕೆಲಸ ಮುಂದುವರಿಸಿದ ಥಾಮಸ್ ಸೌತ್‌ವೆಲ್, 1930ರಲ್ಲಿ ಭಾರತದ ಲಾಡಿಹುಳುಗಳ ಬಗ್ಗೆ ಎರಡು ಸಂಪುಟ ಬರೆದರು. ನಮ್ಮ ದೇಶದ ಹಕ್ಕಿಗಳ ಲಾಡಿಹುಳುಗಳೂ ಆ ಪುಟಗಳಲ್ಲಿ ಸೇರಿವೆ. ಆದರೆ ಸಿಲೋನಿನ ವಾದವನ್ನು 1912ರಲ್ಲಿ ಪ್ರಶ್ನಿಸಿದವರು ಇದೇ ಜೇಮ್ಸನ್! ಮುತ್ತು ಕಟ್ಟುವುದು ಹುಳುವಲ್ಲ, ಚಿಪ್ಪಿನ ಒಳಪದರದ ಜೀವಕೋಶಗಳು. ಹುಳು ಬರೀ ಒಂದು ನೆಪ. 1973ರಲ್ಲಿ ತೂತ್ತುಕುಡಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೆ. ಅಳಗರಸ್ವಾಮಿ ಆ ಪದರದ ತುಣುಕು ಮತ್ತು ಒಂದು ಮಣಿಯನ್ನು ಚಿಪ್ಪಿನೊಳಗೆ ಇಟ್ಟೇ ಮುತ್ತು ಬೆಳೆಸಿದರು.

ಹಾಗಾದರೆ ಹಕ್ಕಿಯ ಹುಳುವಿನ ಕತೆ ಮುಗಿಯಿತೇ? ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಪಿಂಟೇರಿಯಾ ಎಂಬ ಉಪ್ಪುನೀರಿನ ಜೌಗು ಇದೆ. 1997ರಲ್ಲಿ ಅದರ ಹಾಳಾದ ಭಾಗವನ್ನು ಸರಿಪಡಿಸಿದ ಮೇಲೆ, ಅಲ್ಲಿನ ಬಸವನಹುಳುಗಳಲ್ಲಿ ಹಕ್ಕಿಯ ಹುಳುವಿನ ಮರಿಗಳಿರುವ ಪ್ರಮಾಣ ಆರು ವರ್ಷಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಹುಳು ಹೆಚ್ಚಾದದ್ದು ಕೆಟ್ಟ ಸುದ್ದಿಯಲ್ಲ. ಹಕ್ಕಿಗಳು ಮರಳಿ ಬಂದು ಅಲ್ಲಿ ಹಿಕ್ಕೆ ಹಾಕುತ್ತಿವೆ ಎಂಬುದಕ್ಕೆ ಅದೇ ಸಾಕ್ಷಿ. ಹಕ್ಕಿ, ಚಿಪ್ಪು, ಬಸವನಹುಳು, ಮೀನು ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಇಂಥ ಹುಳುವಿಗೆ ಉಳಿಗಾಲವಿಲ್ಲ.

ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. 4,801 ಹೆಕ್ಟೇರ್ ಜಾಗ. ಬಳಚು ನಂಬಿದ ಮನೆಗಳೂ ಚಳಿಗಾಲಕ್ಕೆ ಬರುವ ಕಡಲಹಕ್ಕಿಗಳೂ ಒಂದೇ ಕೆಸರಿನಿಂದ ಹೊಟ್ಟೆ ಹೊರೆಯುತ್ತವೆ. ಹಕ್ಕಿ ನಮ್ಮ ಪಾಲು ಕದಿಯುತ್ತದೆ ಎನ್ನುವವರಿದ್ದಾರೆ. ಆದರೆ ಹಕ್ಕಿಯೂ ಬಳಚೂ ಒಂದೇ ಸರಪಳಿಯ ಕೊಂಡಿಗಳು. ಅಳಿವೆಯ ಬಗ್ಗೆ ಸಭೆ ನಡೆದಾಗ ಕೇಳಬೇಕಾದ ಪ್ರಶ್ನೆ ಇದೇ: ಈ ಸರಪಳಿಯ ಲೆಕ್ಕ ಯಾರು ಇಡುತ್ತಾರೆ?

ಎರಡು ಮಾತು ನೆನಪಿರಲಿ. ಬಳಚನ್ನು ಚೆನ್ನಾಗಿ ಬೇಯಿಸಿದರೆ ಹುಳುವಿನ ಭಯವಿಲ್ಲ. ದಂಡೆಯಲ್ಲಿ ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಆ ದಿನವೇ ತಿಳಿಸಿ. ಕೊಳೆತ ಮೇಲೆ ಹುಳುವಿನ ಗುರುತು ಹಿಡಿಯುವುದು ಕಷ್ಟ.